ಕಪ್ಪು ಬಟ್ಟೆಯ ಮೇಲೆ ನಲವತ್ತೆರಡು ಗೀಟು

ಮಾರ್ಚ್ ಒಂಬತ್ತು, ಬೆಳಿಗ್ಗೆ ಏಳು ಗಂಟೆ. ಮೆಟ್ಟಿಲು ಒಟ್ಟು ಹದಿನೇಳು. ಟೇಪು ಹನ್ನೊಂದನ್ನು ಇಳಿದು ಹನ್ನೆರಡನೆಯದರ ಮೇಲೆ ಕುಳಿತುಬಿಟ್ಟಿತು. ಉಳಿದ ಐದನ್ನು ಒಮ್ಮೆ ನೋಡಿತು, ನನ್ನನ್ನು ಒಮ್ಮೆ ನೋಡಿತು. ಇಳಿಯಲಿಲ್ಲ.

ಟೇಪು ನಾಯಿ. ಕಾಲು ಗಿಡ್ಡ, ಬೆನ್ನು ಉದ್ದ. ಕೆಳಗಿನ ಅಂಗಡಿಯ ದರ್ಜಿ ಅದು ಮರಿಯಾಗಿದ್ದಾಗಲೇ ಅಳತೆಯ ಪಟ್ಟಿ ಹಿಡಿದು ನೋಡಿ, ಇದು ನಾಯಿಯಲ್ಲ, ಟೇಪು ಎಂದನಂತೆ. ಹೆಸರು ನಿಂತಿತು. ನಾನು ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುವವನು. ಮೂವತ್ತಾರು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವನು. ದಿನವೂ ಬೆಳಿಗ್ಗೆ ಟೇಪು ಮೇಲೆ ಬಂದು ಬಾಗಿಲು ಕೆರೆಯುತ್ತಿತ್ತು, ಬ್ರೆಡ್ಡಿನ ಅಂಚೊಂದನ್ನು ತಿಂದು ನನ್ನ ಜೊತೆ ಇಳಿದು ಕೆಲಸಕ್ಕೆ ಹೋಗುತ್ತಿತ್ತು.

ಅದಕ್ಕೆ ನಿಜವಾಗಿಯೂ ಕೆಲಸವಿತ್ತು. ದರ್ಜಿಯ ತಾಯಿಗೆ ಕಿವಿ ಕೇಳುವುದಿಲ್ಲ. ಅಜ್ಜಿ ಅಂಗಡಿಯ ಮುಂಭಾಗದಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಗುಂಡಿ ಹಾಕುತ್ತಾರೆ, ಕಾಜಾ ಮಾಡುತ್ತಾರೆ, ಬಂದವರಿಗೆ ಸಿದ್ಧವಾದ ಬಟ್ಟೆ ಎತ್ತಿಕೊಡುತ್ತಾರೆ. ಮಗನ ಯಂತ್ರ ಹಿಂದಿನ ಕೋಣೆಯಲ್ಲಿದೆ. ಅದು ಓಡುವಾಗ ಅವನಿಗೂ ಏನೂ ಕೇಳಿಸದು. ಯಾರಾದರೂ ಬಾಗಿಲು ದೂಡಿದರೆ ಟೇಪು ಹೋಗಿ ಅಜ್ಜಿಯ ಪಾದದ ಮೇಲೆ ಕೂರುತ್ತಿತ್ತು. ಅಜ್ಜಿ ಸೂಜಿಯಿಂದ ಕಣ್ಣೆತ್ತುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಸೀಮೆಸುಣ್ಣದ ಧೂಳು ತೇಲುತ್ತಿರುವಾಗ, ತೂಗುಹಾಕಿದ ಬಟ್ಟೆಗಳ ನಡುವೆ ಆ ಮೂವರನ್ನು ನೋಡಿದರೆ, ಅಂಗಡಿ ತಿಳಿನೀರಿನ ಕೆಳಗೆ ನಡೆಯುತ್ತಿದೆ ಎನ್ನಿಸುತ್ತಿತ್ತು. ಏಳು ವರ್ಷ ಹೀಗೆ ಸಾಗಿತ್ತು.

ಆ ದಿನ ನಾನು ಟೇಪುವನ್ನು ಎತ್ತಿಕೊಂಡು ಇಳಿದೆ. ನೆಲದ ಮೇಲೆ ಬಿಟ್ಟಾಗ ಹಿಂಗಾಲುಗಳು ಒಂದಕ್ಕೊಂದು ತೊಡರಿದವು. ಪಂಜ ಮಡಚಿ, ಅದರ ಮೇಲ್ಭಾಗ ನೆಲಕ್ಕೆ ತಾಗಿತು. ದರ್ಜಿ ಬಗ್ಗಿ ನೋಡಿ, ಉಳುಕಿದೆ, ಎಣ್ಣೆ ಹಚ್ಚಿದರೆ ಸಂಜೆಗೆ ಸರಿಹೋಗುತ್ತದೆ ಎಂದ. ಮೇಜಿನ ಡ್ರಾಯರಿನಿಂದ ತನ್ನ ಮಂಡಿನೋವಿನ ಮಾತ್ರೆಯೊಂದನ್ನು ತೆಗೆದು ಎರಡು ಹೋಳು ಮಾಡಿದ.

ಆಗ ಅಂಗಡಿಯಲ್ಲಿ ಇನ್ನೊಬ್ಬರಿದ್ದರು: ಪಶು ಆಸ್ಪತ್ರೆಯ ನರ್ಸಮ್ಮ. ಸಮವಸ್ತ್ರದ ಅಂಚು ಬಿಚ್ಚಿತ್ತೆಂದು ಹೊಲಿಸಲು ಬಂದವರು.

"ಅಣ್ಣ, ಆ ಮಾತ್ರೆ ವಾಪಸ್ ಡ್ರಾಯರ್‌ಗೆ ಹಾಕು. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷ."

"ಅರ್ಧ ತಾನೇ ಅಕ್ಕ ಕೊಡ್ತಿರೋದು."

"ಹಂಗಾದ್ರೆ ಅರ್ಧ ವಿಷ."

ಆಕೆ ನೆಲದ ಮೇಲೆ ಕುಳಿತು ಟೇಪುವಿನ ಹಿಂದಿನ ಪಂಜವನ್ನು ಮೆಲ್ಲಗೆ ಮಗುಚಿಟ್ಟರು. ಆರೋಗ್ಯವಾಗಿರುವ ನಾಯಿ ಅದನ್ನು ಆ ಕ್ಷಣವೇ ನೇರ ಮಾಡಿಕೊಳ್ಳುತ್ತದೆ. ಟೇಪು ಮಾಡಲಿಲ್ಲ. ಇಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಬೆನ್ನೆಲುಬಿನ ನಡುವಿನ ಮೆತ್ತೆ ಜಾರಿ, ಒಳಗಿನ ನರವನ್ನು ಒತ್ತುವುದುಂಟು. ಇದು ಅದೇ ಇರಬಹುದು. ಹಾಗಿದ್ದರೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ, ಶಸ್ತ್ರಚಿಕಿತ್ಸೆಯೇ ಬೇಕಾದೀತು ಎಂದು ವಿವರಿಸಿದರು. ದರ್ಜಿಗೆ ನಗು ಬಂತು. ಬೆನ್ನಿನ ಆಪರೇಷನ್ ಆದ ಮನುಷ್ಯರೇ ನೆಟ್ಟಗೆ ಏಳುವುದಿಲ್ಲ, ಇನ್ನು ನಾಯಿಯೇ ಎಂದ.

"ಇವತ್ತೇ ಕರ್ಕೊಂಡು ಹೋದ್ರೆ ಎದ್ದು ಓಡಾಡಬಹುದು," ಎಂದರು ನರ್ಸಮ್ಮ. "ನಾಳಿದ್ದು ಹೋದ್ರೆ ಆ ಮಾತು ನಾನೂ ಹೇಳಲ್ಲ, ಡಾಕ್ಟ್ರೂ ಹೇಳಲ್ಲ."

ಅಜ್ಜಿ ಎಲ್ಲರ ಮುಖ ನೋಡುತ್ತಿದ್ದರು. ಅವರಿಗೆ ಏನಾದರೂ ಹೇಳಬೇಕಾದರೆ ಮಗ ಒಂದು ಕಪ್ಪು ಬಟ್ಟೆಯ ತುಂಡಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಬರೆಯುತ್ತಾನೆ, ಓದಿದ ಮೇಲೆ ಕೊಡವುತ್ತಾನೆ. ಅಂದು ಬರೆದದ್ದು ಮೂರೇ ಪದ: ಟೇಪು ಬೆನ್ನು ಹೋಯ್ತು.

ಅಜ್ಜಿ ಓದಿದರು. ಕೈಯಲ್ಲಿದ್ದ ಸೂಜಿಯನ್ನು ದಿಂಬಿಗೆ ಚುಚ್ಚಿದರು.

"ಅವನು ಏಳಲ್ಲ ಅಂದ್ರೆ ನನ್ನ ಕುರ್ಚಿನೂ ಎತ್ತಿ ಒಳಗೆ ಹಾಕಿಬಿಡು ಮಗ. ಕಿವಿ ಇಲ್ಲದ ಮುದುಕಿ ಬಾಗಿಲಲ್ಲಿ ಕೂತು ಏನು ಮಾಡ್ತಾಳೆ?"

ದರ್ಜಿ ಮಾತ್ರೆಯ ಹೋಳುಗಳನ್ನು ಡ್ರಾಯರಿಗೆ ಹಾಕಿದ. ಬಟ್ಟೆ ಕತ್ತರಿಸುವ ಹಲಗೆಯನ್ನು ತಂದ. ನರ್ಸಮ್ಮ ಹೇಳಿದಂತೆ ಟೇಪುವನ್ನು ಬೆನ್ನು ಬಾಗದ ಹಾಗೆ ಅದರ ಮೇಲೆ ಜಾರಿಸಿ ಮಲಗಿಸಿ, ಎರಡು ಅಗಲ ಪಟ್ಟಿಗಳಿಂದ ಸಡಿಲವಾಗಿ ಕಟ್ಟಿದ. ಒಂಬತ್ತೂವರೆಗೆ ನಾವು ಆಸ್ಪತ್ರೆಯಲ್ಲಿದ್ದೆವು. ಮರುದಿನ, ಹತ್ತನೆಯ ತಾರೀಖು, ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆಯಿತು.

ಹದಿಮೂರರಂದು ಟೇಪು ಮನೆಗೆ ಬಂತು. ಬೆನ್ನಿನ ಕೂದಲು ಬೋಳಿಸಿದ್ದರು. ನಡುವೆ ಆರು ಅಂಗುಲದ ಹೊಲಿಗೆ. ನರ್ಸಮ್ಮ ಅಂಥದೇ ಇನ್ನೊಂದು ಕಪ್ಪು ಬಟ್ಟೆಯನ್ನು ಗೋಡೆಗೆ ತೂಗುಹಾಕಿ ಮೇಲ್ಗಡೆ ನಲವತ್ತೆರಡು ಎಂದು ಬರೆದರು. ಅಷ್ಟು ದಿನ ಟೇಪು ಪೆಟ್ಟಿಗೆಯಲ್ಲಿರಬೇಕೆಂದು ಡಾಕ್ಟರು ಗೊತ್ತುಮಾಡಿದ್ದರು. ಹನ್ನೊಂದು, ಹನ್ನೆರಡನೆಯ ತಾರೀಖುಗಳಿಗೆ ಎರಡು ಗೀಟು ಎಳೆದು, ಮುಂದಿನದು ಮೇಷ್ಟ್ರ ಕೆಲಸ ಎಂದು ಸೀಮೆಸುಣ್ಣ ನನ್ನ ಕೈಗಿತ್ತರು. ಬಟ್ಟೆಯ ಥಾನು ಬರುವ ಮರದ ಪೆಟ್ಟಿಗೆಯೇ ಟೇಪುವಿನ ಮನೆಯಾಯಿತು. ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅದಕ್ಕಿಂತ ಹೆಚ್ಚು ಜಾಗ ಇರಕೂಡದು. ಅದನ್ನು ಅಜ್ಜಿಯ ಕುರ್ಚಿಯ ಪಕ್ಕದಲ್ಲೇ ಇಟ್ಟೆವು.

ಮೂತ್ರ ತಾನಾಗಿ ಹೋಗುವವರೆಗೆ ದಿನಕ್ಕೆ ನಾಲ್ಕು ಸಲ ಹೊಟ್ಟೆ ಒತ್ತಿ ಹೋಗಿಸಬೇಕಿತ್ತು. ನರ್ಸಮ್ಮ ಮೂವರಿಗೂ ಕೈ ಹಿಡಿದು ತೋರಿಸಿದರು. ದರ್ಜಿಗೆ ಭಯ, ನನಗೆ ಸಂಕೋಚ. ಅಜ್ಜಿಗೆ ಒಂದೇ ದಿನದಲ್ಲಿ ಬಂತು. ಕೇಳದ ಕಿವಿಯ ಪಾಲನ್ನೂ ಅವರ ಬೆರಳುಗಳೇ ವಹಿಸಿಕೊಂಡಿದ್ದವು. ಒಂದೇ ಮಗ್ಗುಲಿಗೆ ಬಿದ್ದರೆ ಹುಣ್ಣಾಗುತ್ತದೆ ಎಂದು ನಾಲ್ಕು ಗಂಟೆಗೊಮ್ಮೆ ಹೊರಳಿಸಿದೆವು, ಹಾಸು ಒದ್ದೆಯಾದ ಕೂಡಲೇ ಬದಲಿಸಿದೆವು. ಹೊರಗೆ ಕರೆದೊಯ್ಯುವಾಗ ಹಿಂಭಾಗದ ಭಾರ ಹೊರಲು ಹೊಟ್ಟೆಯ ಕೆಳಗೆ ಜೋಲಿಯಂಥ ಪಟ್ಟಿ ಬೇಕಿತ್ತು. ದರ್ಜಿ ಹೊಲಿದ ಮೊದಲನೆಯದು ಜಾರಿತು, ಎರಡನೆಯದು ತೊಡೆಗೆ ಒತ್ತಿತು, ಮೂರನೆಯದಕ್ಕೆ ಒಳಗಡೆ ಮೆತ್ತನೆಯ ಬಟ್ಟೆ ಕೊಟ್ಟ ಮೇಲೆ ಕೂಡಿಬಂತು. ಇಷ್ಟು ವರ್ಷದಲ್ಲಿ ಅಳತೆಗೆ ನಿಲ್ಲದೆ ಮಲಗಿಯೇ ಬಟ್ಟೆ ಹೊಲಿಸಿಕೊಂಡ ಗಿರಾಕಿ ಇವನೊಬ್ಬನೇ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ಟೇಪು ಬಹಳ ನಿದ್ರಿಸುತ್ತಿತ್ತು. ನಿದ್ರೆಯಲ್ಲಿ ಓಡುತ್ತಿತ್ತು. ಮುಂಗಾಲುಗಳು ಮಿಡಿಯುತ್ತಿದ್ದವು, ಮೂಗು ಅದುರುತ್ತಿತ್ತು, ಗಂಟಲಿನಲ್ಲಿ ಸಣ್ಣ ಬೊಗಳು ಹುಟ್ಟಿ ಅಲ್ಲೇ ಕರಗುತ್ತಿತ್ತು. ಹಿಂಗಾಲುಗಳು ಮಾತ್ರ ಕದಲುತ್ತಿರಲಿಲ್ಲ. ಅರ್ಧ ನಾಯಿ ಯಾವುದೋ ಬಯಲಿನಲ್ಲಿ, ಅರ್ಧ ನಾಯಿ ಪೆಟ್ಟಿಗೆಯಲ್ಲಿ. ಅಜ್ಜಿ ಹೊಲಿಯುವುದನ್ನು ನಿಲ್ಲಿಸಿ ಆ ಓಟವನ್ನು ನೋಡುತ್ತಿದ್ದರು. ಕಿಟಕಿಯ ಬಿಸಿಲು ಕುರ್ಚಿಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಗೋಡೆಗೆ ಜರುಗುತ್ತಿತ್ತು. ಸಂಜೆ ನಾನು ಒಂದು ಗೀಟು ಎಳೆಯುತ್ತಿದ್ದೆ.

ಹನ್ನೊಂದನೆಯ ಗೀಟಿನ ದಿನ ಅಜ್ಜಿ ನನ್ನ ತೋಳು ಹಿಡಿದು ಎಳೆದರು. ಟೇಪು ನಿದ್ರೆಯಲ್ಲಿತ್ತು. ಬಲಗಡೆಯ ಹಿಂದಿನ ಕಾಲ್ಬೆರಳುಗಳು, ದೂರದಿಂದ ಯಾರೋ ದಾರ ಎಳೆದಂತೆ, ಬಿಚ್ಚಿದವು, ಮುಚ್ಚಿದವು. ಹಿಂಗಾಲೂ ಕನಸಿಗೆ ಸೇರಿಕೊಂಡಿತ್ತು.

ನರ್ಸಮ್ಮ ಬಂದು ಪರೀಕ್ಷಿಸಿದರು. ನಿದ್ರೆಯ ಕದಲಿಕೆಯನ್ನಾಗಲಿ, ಬೆರಳು ಚಿವುಟಿದಾಗ ಕಾಲು ಎಳೆದುಕೊಳ್ಳುವುದನ್ನಾಗಲಿ ನಂಬಬಾರದು, ನಾಯಿ ತಿರುಗಿ ನೋಡಬೇಕು ಎಂದರು. ಚಿವುಟಿದರು. ಟೇಪು ತಿರುಗಿ, ಇದೇನು ನಿಮ್ಮ ನಡತೆ ಎಂಬಂತೆ ನೋಡಿತು. ಮರುದಿನ ಹೊಲಿಗೆ ತೆಗೆದರು.

ಇನ್ನು ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ.

ಮಾರ್ಚ್ ಇಪ್ಪತ್ತಮೂರು, ಹದಿಮೂರನೆಯ ದಿನ. ನನ್ನ ಪ್ಯಾಂಟಿನ ಉದ್ದ ಕಡಿಮೆ ಮಾಡಲು ದರ್ಜಿ ಎರಡು ಕಾಲಿಗೂ ಗುಂಡುಸೂಜಿ ಚುಚ್ಚಿ ನನ್ನನ್ನು ನಿಲ್ಲಿಸಿದ್ದ. ನಡುವೆ ಏನೋ ನೆನಪಾಗಿ, ಟೇಪುವನ್ನು ಪೆಟ್ಟಿಗೆಯಿಂದ ತೆಗೆದು ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದ. ಗಾಯದ ಗುರುತಿನ ಮೇಲೆ ಹೆಬ್ಬೆರಳು ಓಡಿಸಿದ, ಹೊಲಿಗೆ ನೇರವಾಗಿದೆಯೇ ಎಂದು ಅವನು ದಿನಕ್ಕೆ ನೂರು ಸಲ ಓಡಿಸುವ ಹಾಗೆ.

"ನೋಡಿ ಮೇಷ್ಟ್ರೇ, ಹೆಂಗೆ ಕೂಡಿದೆ. ಒಂದು ಸುಕ್ಕಿಲ್ಲ, ಒಂದು ಎಳೆ ಮೇಲೆದ್ದಿಲ್ಲ. ಹೊಲಿಗೆ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಮುಗಿದ ಕೆಲಸ."

ಅವನು ಎರಡೂ ಕೈ ಬಿಟ್ಟ. ಟೇಪು ತೂಗಾಡುತ್ತ ನಿಂತಿತು. ಗೋಡೆಯ ಮೇಲೆ ಹನ್ನೆರಡು ಗೀಟುಗಳಿದ್ದವು. ನಲವತ್ತೆರಡರಲ್ಲಿ ಹನ್ನೆರಡು ಕಳೆದರೆ ಎಷ್ಟೆಂದು ನನಗೆ ಗೊತ್ತಿತ್ತು. ಇಳಿಸಪ್ಪ ಎಂಬ ಮಾತು ಬಾಯಿಗೆ ಬಂತು. ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು, ನನ್ನ ಕಾಲಿನ ಸುತ್ತ ಸೂಜಿಗಳಿದ್ದವು. ಮಾತು ನುಂಗಿದೆ.

ಆಗ ಬಾಗಿಲು ತೆರೆಯಿತು. ಬಟ್ಟೆ ಒಯ್ಯಲು ಯಾರೋ ಬಂದಿದ್ದರು. ಟೇಪುವಿನ ಕಿವಿ ನಿಮಿರಿತು. ಎರಡು ವಾರ ಮಾಡದಿದ್ದ ಕೆಲಸ ಅದಕ್ಕೆ ನೆನಪಾಯಿತು. ಮೇಜಿನ ಎತ್ತರ ಮೂವತ್ತನಾಲ್ಕು ಅಂಗುಲ. ಅದು ಹಾರಿತು.

ಬಿದ್ದ ಮೇಲೆ ಕಿರುಚಲಿಲ್ಲ. ಮುಂಗಾಲುಗಳಿಂದ ತನ್ನನ್ನು ಎಳೆದುಕೊಳ್ಳುತ್ತ, ಹಿಂಗಾಲುಗಳನ್ನು ಒದ್ದೆ ಬಟ್ಟೆಯಂತೆ ಜಾರಿಸುತ್ತ ಹೋಗಿ, ಅಜ್ಜಿಯ ಪಾದದ ಮೇಲೆ ಎದೆಯಿಟ್ಟು ಮಲಗಿತು. ಅಜ್ಜಿ ಕಣ್ಣೆತ್ತಿ ಮೊದಲು ಬಾಗಿಲು ನೋಡಿದರು. ಆಮೇಲೆ ಕೆಳಗೆ ನೋಡಿದರು.

ಅದೇ ಹಲಗೆ, ಅದೇ ಎರಡು ಪಟ್ಟಿ, ಅದೇ ದಾರಿ. ಡಾಕ್ಟರು ಬಹಳ ಹೊತ್ತು ನೋಡಿದರು. ಚಿವುಟಿದಾಗ ಟೇಪು ತಡವಾಗಿ, ಆದರೂ ತಿರುಗಿ ನೋಡಿತು. ನರಕ್ಕೆ ಪೆಟ್ಟಾಗಿ ಊದಿದೆ, ಸದ್ಯಕ್ಕೆ ಮತ್ತೆ ಕೊಯ್ಯಬೇಕಾಗಿಲ್ಲ. ಆದರೆ ನಡೆದೇ ನಡೆಯುತ್ತದೆ ಎಂದು ತಾನು ಮಾತು ಕೊಡಲಾರೆ ಎಂದರು.

ಮರುದಿನ ನರ್ಸಮ್ಮ ಅಂಗಡಿಗೆ ಬಂದರು. ಬೈಯುತ್ತಾರೆಂದು ದರ್ಜಿ ತಲೆ ತಗ್ಗಿಸಿ ನಿಂತಿದ್ದ. ಆಕೆ ಬೈಯಲಿಲ್ಲ. ತೂಗುಹಾಕಿದ್ದ ಒಂದು ಹೊಸ ಕೋಟನ್ನು ಕೈಗೆತ್ತಿಕೊಂಡರು.

"ಚೆನ್ನಾಗಿದೆ ಅಣ್ಣ. ಇವತ್ತೇ ಒಯ್ಯಬಹುದಾ ಇದನ್ನ?"

"ಇಲ್ಲ ಅಕ್ಕ. ಒಳಗೆ ಲೈನಿಂಗ್ ಇನ್ನೂ ಕಚ್ಚಾ ಹೊಲಿಗೆಲಿದೆ. ಈಗ ಹಾಕ್ಕೊಂಡು ಒಂದು ಸಲ ತೋಳೆತ್ತಿದ್ರೆ ಬಿಚ್ಚಿಕೊಳ್ಳುತ್ತೆ."

"ಹೊರಗಡೆ ನೋಡಿದ್ರೆ ಏನೂ ಗೊತ್ತಾಗಲ್ವಲ್ಲ."

"ಹೊರಗಡೆ ನೋಡಿದ್ರೆ ಹೆಂಗೆ ಗೊತ್ತಾಗುತ್ತೆ? ಅದಕ್ಕೆ ಹೊಲಿದವರನ್ನೇ ಕೇಳಬೇಕು."

ಹೇಳಿ ಮುಗಿಸಿದ ಮೇಲೆ ಅವನಿಗೆ ತನ್ನ ಮಾತು ತನಗೇ ಕೇಳಿಸಿತು. ನಿಂತಲ್ಲೇ ಕುಳಿತ.

"ನಾನೂ ಅದನ್ನೇ ಹೇಳೋಕೆ ಬಂದೆ," ಎಂದರು ನರ್ಸಮ್ಮ. "ಚರ್ಮ ಹನ್ನೆರಡು ದಿನಕ್ಕೆ ಕೂಡುತ್ತೆ. ಒಳಗಿರೋದಕ್ಕೆ ಅಷ್ಟು ಬೇಗ ಆಗಲ್ಲ. ಹೊಲಿದವರು ನಲವತ್ತೆರಡು ಅಂದಿದ್ರು."

ಆಕೆ ಕಪ್ಪು ಬಟ್ಟೆಯ ಬಳಿ ಹೋಗಿ ಅಂಗೈಯಿಂದ ಒಂದೇ ಸಲ ಕೊಡವಿದರು. ಹಿಂದಿನ ಸಂಜೆ ಅಭ್ಯಾಸಬಲದಿಂದ ನಾನು ಎಳೆದಿದ್ದ ಹದಿಮೂರನೆಯದೂ ಸೇರಿ, ಅಷ್ಟೂ ಗೀಟುಗಳು ಬೆಳ್ಳಗೆ ಎದ್ದು, ಕಿಟಕಿಯ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಅಜ್ಜಿಯ ಮಡಿಲ ಮೇಲೂ ಟೇಪುವಿನ ಬೆನ್ನ ಮೇಲೂ ಇಳಿದವು. ನಲವತ್ತೆರಡು ಎಂದು ಹೊಸದಾಗಿ ಬರೆದರು. ಡಾಕ್ಟರ ಮಾತು ಅದೇ ಆಗಿತ್ತು: ಎಣಿಕೆ ಒಂದರಿಂದ.

ಈ ಸಲ ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿದೆವು. ಬಾಗಿಲು ಕಂಡರೆ ಟೇಪು ಸುಮ್ಮನಿರದು. ಅದಕ್ಕೆ ಬಾಗಿಲೇ ಕಾಣದಂತೆ ದಪ್ಪ ಬಟ್ಟೆ ಇಳಿಬಿಟ್ಟೆವು. ಮುಂಭಾಗದಲ್ಲಿ ಅಜ್ಜಿ ಒಬ್ಬರೇ ಆದರು. ಕುರ್ಚಿ ಒಳಗೆ ಹಾಕಲೇ ಎಂದು ಮಗ ಬರೆದು ಕೇಳಿದ. ಅಜ್ಜಿ ಓದಿ, ಆ ಬಟ್ಟೆಯನ್ನು ಮಡಚಿಟ್ಟು, ಸೂಜಿ ಕೈಗೆತ್ತಿಕೊಂಡರು. ಅಂದಿನಿಂದ ಬಾಗಿಲಿನ ಕೆಲಸ ನಾನು ವಹಿಸಿಕೊಂಡೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಂದು ಸ್ಟೂಲಿನ ಮೇಲೆ ಕುಳಿತು, ಯಾರಾದರೂ ಬಂದರೆ ಅಜ್ಜಿಯ ಕುರ್ಚಿಯ ಕಾಲನ್ನು ಬೂಟಿನ ತುದಿಯಿಂದ ತಟ್ಟುತ್ತಿದ್ದೆ.

ಒಂದು ವಾರದ ಮೇಲೆ ಅಜ್ಜಿ ನನ್ನ ಕೆಲಸದ ಬಗ್ಗೆ ತೀರ್ಪು ಕೊಟ್ಟರು. "ನೀವು ಪರವಾಗಿಲ್ಲ ಮೇಷ್ಟ್ರೇ. ಆದ್ರೆ ಪಾದ ಬೆಚ್ಚಗಾಗಲ್ಲ."

ದರ್ಜಿ ಬೇರೆ ಮನುಷ್ಯನಾದ. ಟೇಪುವನ್ನು ಒಂದು ಸಲ ಎತ್ತಿಕೊಳ್ಳುತ್ತೇವೆ ಎಂದ ಹಳೆಯ ಗಿರಾಕಿಗಳನ್ನೂ ಪರದೆಯ ಆಚೆ ಬಿಡಲಿಲ್ಲ. ಕಚ್ಚಾ ಹೊಲಿಗೆಯಲ್ಲಿದೆ ಎಂದುಬಿಡುತ್ತಿದ್ದ. ದಿನಕ್ಕೆ ಮೂರು ಸಲ, ಐದೈದು ನಿಮಿಷ, ಜೋಲಿ ಹಿಡಿದು ಹೊರಗೆ. ನರ್ಸಮ್ಮ ಕಲಿಸಿದಂತೆ ಹಿಂಗಾಲುಗಳನ್ನು ಸೈಕಲ್ ತುಳಿಸುವ ಹಾಗೆ ಮೆಲ್ಲಗೆ ಆಡಿಸುವುದು. ತೂಕ ಏರದಂತೆ ಊಟ ಅಳತೆಯಲ್ಲಿ. ಬ್ರೆಡ್ಡಿನ ಅಂಚು ನಿಂತಿತು. ಮಿಕ್ಕ ಹೊತ್ತೆಲ್ಲ ಯಂತ್ರದ ಸದ್ದು, ಪರದೆಯ ಹಿಂದಿನ ಮಬ್ಬು, ಟೇಪುವಿನ ನಿದ್ರೆ. ಆ ಕೋಣೆಗೆ ಹೋದವರು ತಾವಾಗಿಯೇ ಸ್ವರ ತಗ್ಗಿಸುತ್ತಿದ್ದರು. ಯಂತ್ರದ ಚಕ್ರ ತಿರುಗಿದಷ್ಟು ಹೊತ್ತು ನಾಯಿಯ ಮುಂಗಾಲುಗಳು ಕನಸಿನ ಬಯಲಿನಲ್ಲಿ ಓಡುತ್ತಿದ್ದವು. ಒಂಬತ್ತನೆಯ ದಿನ ಬಾಲದ ತುದಿ ಅಲುಗಿತು. ಹದಿನಾರನೆಯ ದಿನ ಹಿಂಗಾಲುಗಳು ಮತ್ತೆ ಓಟಕ್ಕೆ ಸೇರಿದವು. ಇಪ್ಪತ್ತೇಳನೆಯ ದಿನ ಟೇಪು ಎಚ್ಚರದಲ್ಲೇ, ಪೆಟ್ಟಿಗೆಯೊಳಗೆ, ನಾಲ್ಕು ಕಾಲಿನ ಮೇಲೆ ನಿಂತಿತು. ದರ್ಜಿ ಅದನ್ನು ನೋಡಿ, ಹೆಬ್ಬೆರಳನ್ನು ಜೇಬಿನಲ್ಲಿಟ್ಟುಕೊಂಡು, ಇನ್ನೂ ಹದಿನೈದು ದಿನ ಎಂದ.

ನಲವತ್ತೆರಡನೆಯ ಗೀಟು ಬಿದ್ದದ್ದು ಮೇ ನಾಲ್ಕರಂದು. ಅಂದೇ ಡಾಕ್ಟರು ನೋಡಿ, ಇನ್ನು ದಿನಾ ಅಷ್ಟಿಷ್ಟು ನಡೆಸಬಹುದು, ಕುತ್ತಿಗೆಗೆ ಪಟ್ಟಿ ಬೇಡ, ಎದೆಗೆ ಹಾಕುವ ಪಟ್ಟಿಯೇ ಇರಲಿ, ಮೆಟ್ಟಿಲು ಮತ್ತು ಹಾರುವುದು ಇನ್ನು ಮುಂದೆ ಇಲ್ಲ ಎಂದರು.

ಮೇ ಐದರ ಬೆಳಿಗ್ಗೆ ದರ್ಜಿ ನುಣುಪು ನೆಲದ ಮೇಲೆ ಒರಟು ಬಟ್ಟೆಯ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಹಾಸಿದ. ಪೆಟ್ಟಿಗೆಯಿಂದ ಅಜ್ಜಿಯ ಕುರ್ಚಿಯವರೆಗೆ ಹದಿನೆಂಟು ಅಡಿ. ನರ್ಸಮ್ಮ ಸಮವಸ್ತ್ರದಲ್ಲೇ ಬಂದು, ಹೊರಗೆ ನಿಂತು, ಬಾಗಿಲು ದೂಡಿದರು. ನಾನು ಸ್ಟೂಲಿನ ಮೇಲಿದ್ದೆ. ಕಾಲು ಆಡಿಸಲಿಲ್ಲ.

ಪರದೆ ಸರಿಯಿತು. ಟೇಪು ಹೊರಗೆ ಬಂತು. ಹಿಂದೆ ದರ್ಜಿ ಬಗ್ಗಿ ಜೋಲಿ ಹಿಡಿದಿದ್ದ, ಜೋಲಿ ಸಡಿಲವಾಗಿತ್ತು. ನಾಯಿಯ ಹಿಂಭಾಗ ದೋಣಿಯಂತೆ ಆ ಕಡೆ ಈ ಕಡೆ ವಾಲುತ್ತಿತ್ತು. ಎಡಗಡೆಯ ಉಗುರು ಬಟ್ಟೆಯನ್ನು ಕೆರೆಯುವ ಸದ್ದು ನಮ್ಮೆಲ್ಲರಿಗೂ ಕೇಳಿಸಿತು, ಅಜ್ಜಿಯೊಬ್ಬರನ್ನು ಬಿಟ್ಟು. ಅವರು ಒಂದು ಅಂಗಿಯ ನಾಲ್ಕನೆಯ ಗುಂಡಿ ಹಾಕುತ್ತಿದ್ದರು. ಟೇಪು ಎರಡು ಸಲ ನಿಂತಿತು. ಮೂರನೆಯ ಸಲ ಕುರ್ಚಿಯ ಬಳಿ ನಿಂತು, ಜಾಗ ಅಳೆದು, ಪಾದದ ಮೇಲೆ ಕುಳಿತಿತು.

ಅಜ್ಜಿ ಕಣ್ಣೆತ್ತಿ ಬಾಗಿಲು ನೋಡಿದರು. ಕೆಳಗೆ ನೋಡಲಿಲ್ಲ.

"ಬಾಮ್ಮ," ಎಂದರು ನರ್ಸಮ್ಮನಿಗೆ. "ಯಾರೋ ಬಂದ್ರು ಅಂತ ಹೇಳಿದ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ನಾಯಿ ಎತ್ತಿಕೊಂಡಾಗ ನರಳಿದರೆ, ಬೆನ್ನು ಗೂನು ಮಾಡಿ ನಿಂತರೆ, ಹಿಂಗಾಲು ತೊಡರಿದರೆ ಅಥವಾ ಪಂಜ ಮಡಚಿ ಎಳೆದರೆ, ಎಣ್ಣೆ ಹುಡುಕಬೇಡಿ, ನಿಮ್ಮ ಮಾತ್ರೆ ಕೊಡಬೇಡಿ. ಹಲಗೆಯ ಮೇಲೆ ಮಲಗಿಸಿ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಶಸ್ತ್ರಚಿಕಿತ್ಸೆಯಾದರೆ ಅವರು ಎಷ್ಟು ದಿನ ಹೇಳಿದರೋ ಅಷ್ಟು ದಿನ ಪೆಟ್ಟಿಗೆಯಲ್ಲಿಡಿ. ಗಾಯ ಕೂಡಿದೆ, ಪಾಪ, ನಿಂತಿದೆ, ಒಂದೇ ನಿಮಿಷ ಎಂಬ ಮಾತುಗಳು ನಿಮ್ಮ ಮನೆಯಲ್ಲೂ ಹುಟ್ಟುತ್ತವೆ, ಪ್ರೀತಿಯಿಂದಲೇ ಹುಟ್ಟುತ್ತವೆ. ಆಗ ನಿಮ್ಮಲ್ಲಿ ಒಬ್ಬರು, ಕಾಲಿನ ಸುತ್ತ ಸೂಜಿಯೇ ಇರಲಿ, ಬಾಯಿ ಬಿಟ್ಟು 'ಇಳಿಸು' ಎನ್ನಿ.

ಟೇಪು ಈಗ ನಡೆಯುತ್ತದೆ. ಎಡಗಾಲಿನ ಉಗುರು ಇಂದಿಗೂ ಕೆರೆಯುತ್ತದೆ. ಅದು ಮೊದಲ ಪೆಟ್ಟಿನದೋ, ಮೇಜಿನಿಂದ ಹಾರಿದ್ದರದೋ ಎಂದು ಡಾಕ್ಟರನ್ನು ಕೇಳಿದೆ. ಬಿಡಿಸಿ ಹೇಳಲಾಗದು ಎಂದರು. ಬೆಳಿಗ್ಗೆ ಏಳಕ್ಕೆ ನಾನೇ ಹದಿನೇಳು ಮೆಟ್ಟಿಲು ಇಳಿದು ಅದರ ಬಳಿಗೆ ಹೋಗುತ್ತೇನೆ. ಏಪ್ರಿಲ್ ಇಪ್ಪತ್ತೊಂದಕ್ಕೆ ತೆರೆಯಬೇಕಿದ್ದ ಪೆಟ್ಟಿಗೆ ಮೇ ನಾಲ್ಕಕ್ಕೆ ತೆರೆಯಿತು. ವ್ಯತ್ಯಾಸ ಹದಿಮೂರು ದಿನ. ಅಷ್ಟನ್ನು ನಾನು ಒಂದು ನಾಯಿಗೆ ಕೊಡಬೇಕಾಗಿದೆ. ಹೇಗೆ ಕೊಡುವುದೆಂಬುದು ನಾನು ಕಲಿತ ಲೆಕ್ಕದಲ್ಲಿ ಇಲ್ಲ.